ಇಂಟರ್ವಲ್ ಆದಮೇಲಿನ ಸಿನಿಮಾ

ಬೈಲಹೊಂಗಲದಲ್ಲಿ ಬ್ರಿಟಿಷ್ ಚಿತ್ರೋತ್ಸವ ಮಾಡಿದವಳು ನಾನು ಎಂದರೆ ಈಗಿನವರು ನಗುತ್ತಾರೆ. ನಗಲಿ, ನಗುವಂಥದ್ದೇ ಅದು. ಬ್ರಿಟಿಷರ ಮೇಲಿನ ಸಿಟ್ಟು ಇವತ್ತಿಗೂ ಇಳಿಯದ ಊರು ನಮ್ಮದು. ಕಿತ್ತೂರು ಪಕ್ಕದಲ್ಲೇ ಇದೆ, ಚೆನ್ನಮ್ಮನ ಸಮಾಧಿ ಊರೊಳಗೇ ಇದೆ. ಅಂಥಲ್ಲಿ ಬ್ರಿಟಿಷರ ಹೆಸರಿನಲ್ಲಿ ಉತ್ಸವ ಮಾಡಲು ಹೊರಟವಳ ತಲೆ ನೆಟ್ಟಗಿಲ್ಲ ಎಂಬುದು ಅಪ್ಪನ ಅಭಿಪ್ರಾಯವಾಗಿತ್ತು. ಅಪ್ಪನ ಅಭಿಪ್ರಾಯವನ್ನು ನಾನು ಯಾವತ್ತೂ ಮನಸ್ಸಿಗೆ ಹಚ್ಚಿಕೊಂಡವಳಲ್ಲ.

೧೯೯೯ರ ಫೆಬ್ರವರಿ. ನಾನು ಆಗ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಧಾರವಾಡದ ಗೆಳೆಯರ ಫಿಲ್ಮ್ ಸೊಸೈಟಿಗೆ ಹಳೆಯ ಮತ್ತು ಹೊಸ ಬ್ರಿಟಿಷ್ ಸಿನಿಮಾಗಳ ಆರು ಪ್ರಿಂಟು ಬಂದಿದ್ದವು. ಅಲ್ಲಿಯ ಪ್ರದರ್ಶನ ಮುಗಿದು, ಬೆಂಗಳೂರಿಗೆ ಮರಳುವ ಮೊದಲು ಮೂರು ದಿನ ಅವು ಸುಮ್ಮನೆ ಕೂತಿರುವುದಿತ್ತು. ಆ ಮೂರು ದಿನ ನಮ್ಮೂರಿಗೆ ಕೊಡಿ ಎಂದು ಹಟ ಹಿಡಿದೆ. ಧಾರವಾಡದವರು ಒಳ್ಳೆಯ ಸಿನಿಮಾ ನೋಡಬೇಕು, ನಾವು ಹೊಡೆದಾಟ ನೋಡಿಕೊಂಡಿರಬೇಕು ಎಂಬ ಕಾಯಿದೆ ಯಾರು ಮಾಡಿದ್ದು? ತಗಡಿನ ಡಬ್ಬಿಗಳು ದೊಡವಾಡದ ಮೇಲೆ ಬರುವ ಬಸ್ಸಿನ ಟಾಪಿನಲ್ಲಿ, ಕೋಳಿಬುಟ್ಟಿಗಳ ಜೊತೆ ಕೂತು ನಮ್ಮೂರಿಗೆ ಬಂದವು.

ಪರಪ್ಪನವರ ಟಾಕೀಸು ಅಂದಿನ ದಿನಗಳಲ್ಲಿ ನಮ್ಮೂರಿನ ಗಡಿಯಾರವಿದ್ದಂತೆ. ಆಟ ಶುರುವಾಗುವ ಮೊದಲು ಮಾಡಿನ ಮೇಲಿನ ಲೌಡ್‌ಸ್ಪೀಕರಿನ ಕರ್ಣೆಯಲ್ಲಿ ದೇವರ ಹಾಡು ಹಾಕುತ್ತಿದ್ದರು. ಆ ಹಾಡು ಕೇಳಿ ಓಣಿಯ ಹೆಂಗಸರು ಮುಸುರೆ ತಿಕ್ಕುವುದನ್ನು ಬಿಟ್ಟು ಸೆರಗು ಸರಿಮಾಡಿಕೊಂಡು ಹೊರಡುತ್ತಿದ್ದರು. ಒಳಗೆ ಗಂಡಸರ ಕಡೆ, ಹೆಂಗಸರ ಕಡೆ ಎಂದು ಸೊಂಟದಷ್ಟು ಎತ್ತರದ ಗೋಡೆ. ಹೆಂಗಸರ ಕಡೆ ಉದ್ದುದ್ದ ಬೆಂಚುಗಳು. ಇಂಟರ್ವಲ್ ಆದರೆ ಸಾಕು, ಇಡೀ ಟಾಕೀಸು ಹೊರಗೆ ಚುರುಮುರಿ ಕಲಸಿಕೊಡುವ ಗಿರ್ಮಿಟ್ ಗಾಡಿಗೆ ಮುಗಿಬೀಳುತ್ತಿತ್ತು. ಉಳ್ಳಾಗಡ್ಡಿ ಮತ್ತು ಕರಿದ ಮೆಣಸಿನಕಾಯಿಯ ವಾಸನೆ ದ್ವಿತೀಯಾರ್ಧದ ಕೊನೆಯವರೆಗೂ ಒಳಗೆ ಇರುತ್ತಿತ್ತು. ಆ ವಾಸನೆ ಎಲ್ಲಾದರೂ ಮೂಗಿಗೆ ಬಿದ್ದರೆ ಇವತ್ತಿಗೂ ನನಗೆ ಕತ್ತಲಲ್ಲಿ ಕೂತ ಹಾಗಾಗುತ್ತದೆ.

ಪರಪ್ಪನವರದು ಹತ್ತಿಯ ವ್ಯಾಪಾರ. ಟಾಕೀಸು ನಡೆಸುತ್ತಿದ್ದುದು ಹುಚ್ಚಿಗೆ. ನನ್ನ ಉತ್ಸವಕ್ಕೆ ಒಪ್ಪಿದರು. ಆದರೆ ಬೋರ್ಡು ಬರೆಸುವಾಗ 'ಬ್ರಿಟಿಷರ ಹೊಸ ಹಾಗೂ ಹಳೇ ಸಿನಿಮಾಗಳು' ಎಂಬ ಅಕ್ಷರದ ಪಕ್ಕ ಕುದುರೆಯೇರಿದ ಚೆನ್ನಮ್ಮನನ್ನೂ ಬರೆಸಿಬಿಟ್ಟರು. ಇದೇನ್ರಿ ಎಂದು ನಾನು ಹಾರಾಡಿದೆ.

"ಇರಲಿ ಬಿಡ್ರಿ ಮೇಡಂ," ಎಂದರು. "ಬರೇ ಅವರ ಹೆಸರ ಬರದ್ರ ಮಂದಿ ಬೈತಾರ. ಆಕಿ ಇದ್ರ ನಮಗೊಂದು ಧೈರ್ಯ."

ಅದರ ಫಲ ಮೊದಲ ದಿನ, ಶುಕ್ರವಾರವೇ ಸಿಕ್ಕಿತು. ಕಿತ್ತೂರಿನಿಂದ ರುಮಾಲು ಸುತ್ತಿದ ಹಿರಿಯರು ಕೆಲವರು ಬಂದು ಮುಂದಿನ ಸಾಲಿನಲ್ಲಿ ಕೂತು, ಯುದ್ಧ ಯಾವಾಗ ಬರತೈತಿ ಎಂದು ನನ್ನನ್ನು ಕೇಳಿದರು. ಇಂಗ್ಲಿಷ್ ಸಿನಿಮಾ ಎಂದೊಡನೆ ಬೇರೆಯೇ ಏನನ್ನೋ ಆಶಿಸಿ ಬಂದಿದ್ದ ಹುಡುಗರು, ಪರದೆಯ ಮೇಲೆ ಮುದುಕನೊಬ್ಬ ಗುಲಾಬಿ ಗಿಡಕ್ಕೆ ನೀರುಣಿಸುತ್ತಿರುವುದನ್ನು ಕಂಡು ಸಿಳ್ಳೆ ಹಾಕಿ ಎದ್ದುಹೋದರು. ಎರಡನೆಯ ಆಟಕ್ಕೆ ನಾನು, ಪರಪ್ಪನವರು, ಮೇಲೆ ಮಷೀನು ಓಡಿಸುವ ಕಾಂತೇಶ, ಮತ್ತು ತಂಪಿಗೆಂದು ಬಂದು ಮಲಗಿದ್ದ ಒಂದು ನಾಯಿ. ಮನೆಗೆ ಬಂದು ಚಪ್ಪಲಿ ಎಸೆದು ಕೂತೆ.

ನಮ್ಮ ಮನೆಯ ಸಂಗತಿ ಈಗ ಹೇಳಬೇಕು. ನಮ್ಮ ಅವ್ವ ದೇವಕ್ಕ ಮತ್ತು ದೊಡ್ಡವ್ವ ಗುರವ್ವ ಒಡಹುಟ್ಟಿದ ಅಕ್ಕತಂಗಿ. ದೊಡವಾಡದ ಒಂದೇ ಮನೆಯಿಂದ ಬಂದು ಬೈಲಹೊಂಗಲದ ಒಂದೇ ಮನೆಯ ಅಣ್ಣತಮ್ಮಂದಿರನ್ನು ಮದುವೆಯಾದವರು. ಒಂದೇ ಒಲೆ, ಒಂದೇ ಬಾವಿ. ನಾನು ಯಾರ ಮಗಳು ಎಂದು ಓಣಿಗೆ ಹೊಸದಾಗಿ ಬಂದವರಿಗೆ ಗೊತ್ತಾಗುತ್ತಿರಲಿಲ್ಲ, ಅಷ್ಟು ಕಲೆತು ಬಾಳಿದವರು.

೧೯೮೭ರಲ್ಲಿ ದೊಡವಾಡದ ಅಜ್ಜಿ ತೀರಿಕೊಂಡಳು. ಆ ದಿನ ಅವ್ವ ಬೀಗರ ಮನೆಯ ನಿಶ್ಚಯಕ್ಕೆಂದು ಯರಗಟ್ಟಿಗೆ ಹೋಗಿದ್ದಳು. ಅಜ್ಜಿಗೆ ಬಾಳ ಜಡ್ಡಾಗಿದೆ ಎಂದು ಸುದ್ದಿ ಬಂದಾಗ ಮನೆಯಲ್ಲಿದ್ದ ದೊಡ್ಡವ್ವ ಸಿಕ್ಕ ಬಸ್ಸು ಹತ್ತಿ ಹೋದಳು. ಅಜ್ಜಿ ಮಧ್ಯಾಹ್ನ ಅವಳ ತೊಡೆಯ ಮೇಲೆಯೇ ಹೋದಳಂತೆ. ಹೊತ್ತು ಮುಳುಗುವ ಮೊದಲೇ ಹಿರಿಯರು ಮಣ್ಣು ಮಾಡಿಬಿಟ್ಟರು. ಅವ್ವ ಮರುದಿನ ಮುಟ್ಟುವಷ್ಟರಲ್ಲಿ ಹಸಿಮಣ್ಣಿನ ಗುಡ್ಡೆಯೊಂದೇ ಉಳಿದಿತ್ತು, ತಾಯಿಯ ಮುಖ ನೋಡುವುದಾಗಲಿಲ್ಲ.

"ಅವ್ವನ ಮಾರಿ ನೋಡಗೊಡಲಿಲ್ಲ ನೀ ನನಗ," ಎಂದಳು ಅವ್ವ ಅಕ್ಕನಿಗೆ, ಎಲ್ಲರೆದುರು. ಅದೇ ಕೊನೆಯ ಮಾತು. ದೊಡ್ಡವ್ವ ಏನೋ ಹೇಳಲು ಹೋದಳು, ಅವ್ವ ಕೇಳಿಸಿಕೊಳ್ಳಲಿಲ್ಲ. ಆಮೇಲೆ ಒಲೆ ಬೇರೆಯಾಯಿತು, ಮನೆಯ ನಡುವೆ ಗೋಡೆ ಎದ್ದಿತು. ಅಪ್ಪ ಮತ್ತು ದೊಡ್ಡಪ್ಪ ಹೊಲದಲ್ಲಿ ಒಂದೇ ಬುತ್ತಿ ಉಣ್ಣುವವರು, ಅವರಿಗೆ ಜಗಳವೇನೂ ಇರಲಿಲ್ಲ. ಇವತ್ತಲ್ಲ ನಾಳೆ ಬೇಕಾದೀತು ಎಂದು ಗೋಡೆಯಲ್ಲಿ ಒಂದು ಬಾಗಿಲು ಬಿಡಿಸಿ, ಎರಡೂ ಕಡೆ ಒಂದೊಂದು ಚಿಲಕ ಜೋಡಿಸಿದರು. ಅವ್ವ ನಮ್ಮ ಕಡೆಯ ಚಿಲಕ ಜಡಿದು, ಅದರ ಮುಂದೆ ಜೋಳದ ಚೀಲ ಒಟ್ಟಿದಳು. ಹಳೆಯ ಚೀಲ ಖಾಲಿಯಾದರೆ ಹೊಸದು ಬಂದು ಅಲ್ಲೇ ಕೂಡುತ್ತಿತ್ತು.

ನಾವು ಮಕ್ಕಳು ಓಣಿ ಸುತ್ತು ಹಾಕಿ ಎರಡೂ ಕಡೆ ಉಂಡು ಬೆಳೆದೆವು. ಉತ್ಸವದ ಹೊತ್ತಿಗೆ ದೊಡ್ಡಪ್ಪ ತೀರಿಹೋಗಿ ಎರಡು ವರ್ಷವಾಗಿತ್ತು. ರಾಮದುರ್ಗದಲ್ಲಿದ್ದ ಮಗಳು ಉಮಾಶ್ರೀ ತಾಯಿಯನ್ನು ತನ್ನಲ್ಲಿಗೇ ಕರೆದೊಯ್ಯುವುದೆಂದು ಗೊತ್ತಾಗಿತ್ತು. ಬರುವ ಸೋಮವಾರವೇ. ಆಕೆ ಹಾಗೇ ಹೊರಟುಹೋದರೆ ಈ ಇಬ್ಬರು ಈ ಜನ್ಮದಲ್ಲಿ ಮಾತಾಡುವುದಿಲ್ಲ ಎಂಬುದು ಓಣಿಗೆಲ್ಲ ಗೊತ್ತಿತ್ತು. ಅವ್ವನೆದುರು ಆ ಹೆಸರು ಎತ್ತಿದರೆ ತಾಟು ಸರಿಸಿ ಎದ್ದುಬಿಡುತ್ತಿದ್ದಳು.

ಆ ಶುಕ್ರವಾರ ಸಂಜೆ ನನ್ನ ಮೋರೆ ನೋಡಿ ಅವ್ವನೇ ಕೇಳಿದಳು, "ಯಾಕ, ಮಂದಿ ಬರಲಿಲ್ಲೇನ?"

"ನಾಯಿ ಬಂದಿತ್ತು," ಎಂದೆ.

ಅವ್ವ ನಗಲಿಲ್ಲ. ಮಗಳ ಕಾರ್ಯಕ್ರಮಕ್ಕೆ ಮಂದಿ ಇಲ್ಲವೆಂದರೆ ಅದು ಅವಳ ಮರ್ಯಾದೆಯ ಪ್ರಶ್ನೆ. "ನನಗೇನ ತಿಳೀತೈತಿ ನಿನ್ನ ಇಂಗ್ಲಿಷು. ಆದ್ರ ಬೆಂಚ ತುಂಬಸ್ತೇನಿ," ಎಂದು ಸೆರಗು ಸಿಗಿಸಿ ಹೊರಗೆ ಹೋದಳು. ಪಕ್ಕದ ಮನೆಯ ಪದ್ಮವ್ವನಿಂದ ಹಿಡಿದು ಓಣಿಯ ತುದಿಯ ತನಕ ಹೇಳಿಬಂದಳು. ಒಂದು ಮನೆ ಮಾತ್ರ ಬಿಟ್ಟಳು. ಆ ಮನೆಗೆ ನಾನು ಹೋದೆ.

ದೊಡ್ಡವ್ವ ಪಾತ್ರೆಗಳನ್ನು ಹಳೆಯ ಸೀರೆಯಲ್ಲಿ ಗಂಟು ಕಟ್ಟುತ್ತಿದ್ದಳು. "ನಿಮ್ಮವ್ವ ಬರತಾಳೇನ?" ಎಂದು ಕೇಳಿದಳು.

"ಬರತಾಳ."

ಗಂಟು ಬಿಗಿದು ಮುಗಿಸಿದಳು. "ಬರತೇನಿ ಹೋಗು. ರಾಮದುರ್ಗದಾಗ ನನ್ನ ಸಿನಿಮಾಕ್ಕ ಯಾರ ಕರೀತಾರ."

ಶನಿವಾರದ ಮ್ಯಾಟಿನಿಗೆ ಆ ಸಿನಿಮಾವನ್ನು ನಾನು ಬೇಕೆಂದೇ ಇಟ್ಟೆ ಎಂದು ಓಣಿಯವರು ಇಂದಿಗೂ ನಂಬಿದ್ದಾರೆ. ಅಷ್ಟು ಬುದ್ಧಿ ನನಗಿದ್ದಿದ್ದರೆ ಎಂದೋ ಪ್ರಿನ್ಸಿಪಾಲಳಾಗುತ್ತಿದ್ದೆ. ನಿಜ ಹೇಳಬೇಕೆಂದರೆ ಆ ಸಿನಿಮಾ ನಾನೂ ನೋಡಿರಲಿಲ್ಲ. ಡಬ್ಬಿಯ ಜೊತೆ ಬಂದಿದ್ದ ಅರ್ಧ ಪುಟದ ಸಾರಾಂಶ ಓದಿಕೊಂಡು ಮೈಕಿನಲ್ಲಿ ಕಥೆ ಹೇಳಿದೆ: ಸಮುದ್ರದಂಡೆಯ ಹಳ್ಳಿ, ಇಬ್ಬರು ಅಣ್ಣತಮ್ಮಂದಿರು, ಅಪ್ಪ ಸತ್ತ ಮೇಲೆ ಮಾತು ಬಿಟ್ಟಿದ್ದಾರೆ, ಮುಂದೆ ನೀವೇ ನೋಡಿ. ಹೇಳುತ್ತ ಹೇಳುತ್ತಲೇ ನನ್ನ ಕಣ್ಣು ಬೆಂಚುಗಳ ಕಡೆ ಹೋಯಿತು. ಹೆಂಗಸರ ಕಡೆ ಒಂದೇ ಉದ್ದ ಬೆಂಚಿನ ಈ ತುದಿಗೆ ಅವ್ವ, ಆ ತುದಿಗೆ ದೊಡ್ಡವ್ವ, ನಡುವೆ ಪದ್ಮವ್ವ ಮತ್ತು ಇಡೀ ಓಣಿ.

ಕಪ್ಪುಬಿಳುಪಿನ ಹಳೆಯ ಚಿತ್ರ. ಮಾತು ಕಡಿಮೆ, ಗಾಳಿಯ ಸದ್ದು ಹೆಚ್ಚು. ಅಣ್ಣ ಬೆಳಿಗ್ಗೆ ದೋಣಿ ಇಳಿಸುತ್ತಾನೆ, ತಮ್ಮ ಮಧ್ಯಾಹ್ನ ಇಳಿಸುತ್ತಾನೆ. ದಾರಿಯಲ್ಲಿ ಎದುರಾದರೆ ಟೊಪ್ಪಿಗೆ ತಗ್ಗಿಸಿಕೊಂಡು ಹೋಗುತ್ತಾರೆ. ನಾನು ಗಡಬಡಿಸಿ ಅರ್ಥ ಹೇಳಲು ಮೈಕು ಹಿಡಿದರೆ ಪದ್ಮವ್ವ ಸುಮ್ಮನಿರವ್ವಾ ಎಂದು ಗದರಿದಳು, ಅವಳಿಗೆ ಎಲ್ಲ ತಿಳಿಯುತ್ತಿತ್ತಂತೆ. ಕೊನೆಗೆ ಮಳೆ. ತಮ್ಮ ಮಳೆಯಲ್ಲಿ ನೆನೆಯುತ್ತ ಅಣ್ಣನ ಮನೆಗೆ ಬರುತ್ತಾನೆ. ಒಳಗೆ ದೀಪದ ಬೆಳಕಿನಲ್ಲಿ ಅಣ್ಣ ಬ್ರೆಡ್ಡು ಕೊಯ್ಯುತ್ತಿದ್ದಾನೆ. ಹೆಜ್ಜೆಯ ಸದ್ದು ಕೇಳಿ ಅವನ ಚಾಕು ನಿಲ್ಲುತ್ತದೆ. ಹೊರಗೆ ತಮ್ಮ ಬಾಗಿಲು ಬಡಿಯಲು ಕೈ ಎತ್ತುತ್ತಾನೆ. ಪರದೆ ಕಪ್ಪಾಯಿತು.

ಮುಗಿಯಿತು ಎಂದು ನಾನು ಹೇಳಬೇಕು, ಅಷ್ಟರಲ್ಲಿ ಕಾಂತೇಶ ದೀಪ ಹಾಕಿ, ಕೈಯ ರೂಢಿಯಂತೆ ಇಂಟರ್ವಲ್ಲಿನ ಹಾಡು ಬಿಟ್ಟ. ಒಂದೂವರೆ ತಾಸಿಗೆ ಯಾವ ಸಿನಿಮಾ ಮುಗೀತೈತ್ರಿ ಎಂಬುದು ಆಮೇಲೆ ಅವನ ವಾದ. ಜನರೆಲ್ಲ ಎದ್ದು ಗಿರ್ಮಿಟ್ ಗಾಡಿಗೆ ಹೋದರು. ಸರಿ, ಹೋದವರು ಹಾಗೇ ಮನೆಗೆ ಹೋಗುತ್ತಾರೆ ಎಂದು ನಾನು ಡಬ್ಬಿಗಳ ಕಡೆ ನಡೆದೆ. ಗಂಟೆ ಹೊಡೆದದ್ದು ಕೇಳಿ ತಿರುಗಿ ನೋಡಿದರೆ, ಒಬ್ಬರೂ ಬಿಡದೆ ಮರಳಿ ಬಂದು, ಕೈಯಲ್ಲಿ ಕಾಗದದ ಪೊಟ್ಟಣ ಹಿಡಿದು, ತಮ್ಮ ತಮ್ಮ ಜಾಗದಲ್ಲಿ ಕೂತು ಬಿಳಿ ಪರದೆ ನೋಡುತ್ತಿದ್ದರು.

ನಾನು ಮತ್ತೆ ಮೈಕು ಹಿಡಿದೆ. "ಸಿನಿಮಾ ಮುಗೀತ್ರಿ."

"ಅರ್ಧ ಮುಗೀತು," ಎಂದರು ಗಂಡಸರ ಕಡೆಯಿಂದ ಯಾರೋ. "ಉಳದಿದ್ದು ಬಿಡ್ರಿ."

"ಉಳದಿದ್ದು ಇಲ್ರಿ. ಸಿನಿಮಾ ಇರೂದ ಇಷ್ಟ."

"ಇಷ್ಟ ಅಂದ್ರ?" ಪದ್ಮವ್ವ ಬಾಯಲ್ಲಿ ಚುರುಮುರಿ ಇಟ್ಟುಕೊಂಡೇ ಕೇಳಿದಳು. "ಅಣ್ಣ ಬಾಗಲಾ ತಗದನೋ ಇಲ್ಲೋ?"

"ಅದನ್ನ ನಾವ ವಿಚಾರ ಮಾಡಬೇಕ್ರಿ. ಅದಕ್ಕ ಹಂಗ ಬಿಟ್ಟಾರ."

"ತಿಕೀಟ ತಗದ ಬಂದು ನಾವ ವಿಚಾರ ಮಾಡೂದಾದ್ರ ಅವರಿಗೇನ ಕೆಲಸ?"

ಜನ ನಕ್ಕರು. ನನಗೆ ಪಿತ್ತ ನೆತ್ತಿಗೇರಿತು. ಒಳ್ಳೆಯ ಕಲೆಯೆಂದರೆ ಏನು ಎಂದು ಒಂದು ಭಾಷಣ ಬಿಗಿಯುವುದರಲ್ಲಿದ್ದೆ. ಆಗ ಬೆಂಚಿನ ಆ ತುದಿಯಿಂದ ದೊಡ್ಡವ್ವನ ಮಾತು ಕೇಳಿಸಿತು. ಕೂತಲ್ಲಿಂದಲೇ, ಪರದೆಯ ಕಡೆ ನೋಡುತ್ತ ಹೇಳಿದಳು.

"ತಗಿಯೂದೇನ ಬಂತು? ಬಾಗಲಿಗೆ ಚಿಲಕ ಹಾಕಿದ್ದಿಲ್ಲ. ಯಾರೂ ನೋಡಲಿಲ್ಲೇನ? ಚಿಲಕ ಕೆಳಗ ಜೋತು ಬಿದ್ದಿತ್ತು."

ನಾನೂ ನೋಡಿರಲಿಲ್ಲ. ಯಾರೂ ನೋಡಿರಲಿಲ್ಲ. ಇಡೀ ಟಾಕೀಸು ವಿಚಾರಕ್ಕೆ ಬಿದ್ದಿತು. ಅಷ್ಟರಲ್ಲಿ ಬೆಂಚಿನ ಈ ತುದಿಯಿಂದ ಅವ್ವ ಮಾತಾಡಿದಳು. ಅವಳೂ ಪರದೆಯ ಕಡೆಗೇ ನೋಡುತ್ತಿದ್ದಳು.

"ಒಳಗ ಚಿಲಕ ಹಾಕಿಲ್ಲಂತ ಹೊರಗ ನಿಂತಾವಗ ಹೆಂಗ ಗೊತ್ತಾಗಬೇಕು?"

"ನೂಕಿದ್ರ ಗೊತ್ತಾಗತೈತಿ."

"ಹಿರ್ಯಾ ಆದಾಂವ ಒಳಗಿಂದ ಕರೀಬೇಕು."

"ಕರದ್ರ ಬರತಾನೋ ಇಲ್ಲೋ ಅಂತ ಹಿರ್ಯಾಗೂ ಅಂಜಿಕಿ ಇರತೈತಿ," ಎಂದಳು ದೊಡ್ಡವ್ವ.

ಪದ್ಮವ್ವ ಅಗಿಯುವುದನ್ನು ನಿಲ್ಲಿಸಿದ್ದಳು. ನಮ್ಮ ಮನೆಯ ಆ ಗೋಡೆಯ ಕಥೆ ಗೊತ್ತಿಲ್ಲದವರು ಯಾರೂ ಆ ಟಾಕೀಸಿನಲ್ಲಿ ಇರಲಿಲ್ಲ. ಹನ್ನೆರಡು ವರ್ಷದ ಮೇಲೆ ಆ ಇಬ್ಬರು ಒಂದು ಮಾತಿಗೆ ಇನ್ನೊಂದು ಮಾತು ಕೊಟ್ಟಿದ್ದರು, ಅದೂ ಯಾವುದೋ ದೇಶದ ಬೆಸ್ತರ ನೆಪದಲ್ಲಿ. ಏನಾದರೂ ಹೇಳಿದರೆ ಕೆಟ್ಟೀತು ಎಂದು ಜೀವನದಲ್ಲಿ ಮೊದಲ ಸಲ ಮೈಕು ಕೆಳಗಿಟ್ಟೆ.

ಬಾಗಿಲ ಬಳಿ ನಿಂತಿದ್ದ ಪರಪ್ಪನವರು ಮೇಲಕ್ಕೆ ಕೂಗಿದರು, "ಕಾಂತೇಶಾ, ಕಡೀ ರೀಲು ಇನ್ನೊಮ್ಮಿ ಬಿಡೋ. ಚಿಲಕ ನೋಡೂಣು."

ದೀಪ ಆರಿದವು. ಮತ್ತೆ ಮಳೆ, ಮತ್ತೆ ತಮ್ಮನ ನೆನೆದ ಟೊಪ್ಪಿಗೆ. ಈ ಸಲ ಯಾರೂ ಮನುಷ್ಯರನ್ನು ನೋಡಲಿಲ್ಲ, ಎಲ್ಲರೂ ಬಾಗಿಲನ್ನೇ ನೋಡಿದರು. ಅಣ್ಣನ ಚಾಕು ನಿಂತಾಗ ಅವನ ಬೆನ್ನ ಹಿಂದೆ ಬಾಗಿಲು, ಬಾಗಿಲ ಅಂಚಿನಲ್ಲಿ ಕೆಳಗೆ ಜೋತುಬಿದ್ದ ಕಬ್ಬಿಣದ ಚಿಲಕ. ಹೌದಲ್ಲೋ ಎಂಬ ಸದ್ದು ಗಂಡಸರ ಕಡೆಯಿಂದ ಹೆಂಗಸರ ಕಡೆಗೆ ಹಾಯಿತು. ತಮ್ಮ ಕೈ ಎತ್ತುವುದಕ್ಕೆ ಮುಂಚೆಯೇ ಅವ್ವ ಎದ್ದು ಹೊರಟುಹೋಗಿದ್ದಳು.

ನಾನು ಡಬ್ಬಿಗಳನ್ನು ಕಟ್ಟಿ ಮನೆ ಮುಟ್ಟುವಾಗ ಹೊತ್ತು ಮುಳುಗುತ್ತಿತ್ತು. ಒಳಗೆ ಅವ್ವ ಒಬ್ಬಳೇ ಜೋಳದ ಚೀಲ ಎಳೆಯುತ್ತಿದ್ದಳು. ಮೈಯೆಲ್ಲ ಧೂಳು. ಅಪ್ಪ ಹಲ್ಲುಕಡ್ಡಿ ಹಿಡಿದು ಬೆಪ್ಪಾಗಿ ನಿಂತಿದ್ದ.

"ನೋಡಕೋತ ನಿಂತೀರಲ್ಲ, ಹಿಡೀರಿ," ಎಂದಳು. ಯಾರಿಗೆ ಹೇಳಿದಳೋ, ಇಬ್ಬರೂ ಹಿಡಿದೆವು.

ನಮ್ಮ ಕಡೆಯ ಚಿಲಕ ತುಕ್ಕು ಹಿಡಿದು ಅಲ್ಲೇ ಕಚ್ಚಿಕೊಂಡಿತ್ತು. ಅಪ್ಪ ಎಣ್ಣೆ ಬಿಟ್ಟು ಕಲ್ಲಿನಿಂದ ಬಡಿದು ಬಡಿದು ಸರಿಸಿದ. ಅಷ್ಟು ಸದ್ದಾದರೂ ಆಚೆಯಿಂದ ಯಾರೂ ಏನು ಎಂದು ಕೇಳಲಿಲ್ಲ. ಅವ್ವ ಬಾಗಿಲಿಗೆ ಅಂಗೈ ಹಚ್ಚಿ ನಿಂತಳು. ಆಚೆಯ ಚಿಲಕ ಹಾಕಿದ್ದರೆ ಇನ್ನು ಮುಗಿಯಿತು, ಇವಳು ಮತ್ತೆಂದೂ ಈ ಬಾಗಿಲ ಹತ್ತಿರ ಬರುವವಳಲ್ಲ. ನನಗೆ ಅವಳ ಕೈ ಹಿಡಿದು ನಿಲ್ಲಿಸಬೇಕು ಎನಿಸಿತು, ಅಷ್ಟು ಅಂಜಿದ್ದೆ. ಅವ್ವ ನೂಕಿದಳು.

ಬಾಗಿಲು ಕಿರುಗುಟ್ಟಿ ತೆರೆಯಿತು. ಆಚೆಯ ಚಿಲಕ ಕೆಳಗೆ ಜೋತುಬಿದ್ದಿತ್ತು. ಗೋಡೆಗೆ ಹಚ್ಚುವಾಗ ಅದಕ್ಕೆ ಮೆತ್ತಿದ್ದ ಸುಣ್ಣ ಕೂಡ ಒಡೆಯದೆ ಹಾಗೇ ಇತ್ತು. ಅದನ್ನು ಒಮ್ಮೆಯೂ ಹಾಕಿಯೇ ಇರಲಿಲ್ಲ.

ದೊಡ್ಡವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ತಿರುಗಿ ನೋಡಿ, "ಬಾ, ಕುಂದ್ರು," ಎಂದಳು, ದಿನಾಲು ಬರುವವಳಿಗೆ ಹೇಳುವ ಹಾಗೆ.

ಅವ್ವ ಹೊಸ್ತಿಲ ಮೇಲೆಯೇ ಕುಸಿದು ಕೂತಳು. "ಅಕ್ಕಾ," ಎಂದಳು. "ಅವ್ವನ ಮಾರಿ ಹೆಂಗಿತ್ತು, ಹೇಳು."

ಇಷ್ಟು ವರ್ಷ ಅವಳ ಒಳಗೆ ಇದ್ದುದು ಸಿಟ್ಟು ಎಂದು ನಾವೆಲ್ಲ ತಿಳಿದಿದ್ದೆವು. ಇದ್ದುದು ಈ ಒಂದು ಪ್ರಶ್ನೆ, ಮತ್ತು ಅದನ್ನು ಕೇಳಬಹುದಾದ ಒಬ್ಬಳೇ ಒಬ್ಬಳು ಗೋಡೆಯ ಆಚೆ ಇದ್ದಳು.

ದೊಡ್ಡವ್ವ ಹಂಚಿನ ಮೇಲಿದ್ದ ರೊಟ್ಟಿ ತೆಗೆದು, ಉರಿ ಹಿಂದೆ ಸರಿಸಿ, ಕೈ ಒರೆಸಿಕೊಂಡಳು. "ಶಾಂತ ಇತ್ತು. ಎರಡು ಗುಟುಕು ಹಾಲ ಕುಡದ್ಲು. ದೇವಿ ಎಲ್ಲಿ ಅಂದ್ಲು. ಬರಾಕ ಹತ್ತ್ಯಾಳವ್ವಾ ಅಂದೆ. ಹಂಗಾದ್ರ ಬಾಗಲದ ಕಡೆ ಮಾರಿ ಮಾಡಿ ಮಲಗಸು ಅಂದ್ಲು. ಮಲಗಿಸಿದೆ. ಬಾಗಲಾ ನೋಡಕೋತನ ಹೋದ್ಲು." ತಂಗಿಯ ಪಕ್ಕ ಬಂದು ಕೂತು ಹೇಳಿದಳು, "ಮುಂಜಾನಿ ತನಕ ತಡೀರಿ, ತಂಗಿ ಬರಲಿ ಅಂತ ಹಿರ್ಯಾರ ಕಾಲ ಹಿಡದೆ. ಕೇಳಲಿಲ್ಲ. ನಿನ್ನ ಹಾದಿ ನೋಡಕೋತ ಹೋದ್ಲು ಅಂತ ನಿನಗ ಹೆಂಗ ಹೇಳಲಿ? ಹೇಳಿದ್ರ ನೀ ಬದುಕೂದಿಲ್ಲ ಅಂತ ಅಂಜಿದೆ. ಸಿಟ್ಟಿದ್ರ ಇರಲಿ, ಬದುಕತಾಳ ಅಂತ ಸುಮ್ಮನಾದೆ."

ಅವ್ವ ಅತ್ತಳು. ತನ್ನ ತಾಯಿ ಸತ್ತ ವರ್ಷ ಅಳದೆ ಉಳಿಸಿಕೊಂಡಿದ್ದನ್ನೆಲ್ಲ ಆ ಸಂಜೆ ಅಕ್ಕನ ಮಡಿಲಲ್ಲಿ ಅತ್ತಳು. ಅಪ್ಪ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತ. ನಾನೂ ಅತ್ತೆ, ಮುಚ್ಚಿಡುವುದೇನಿದೆ. ರೊಟ್ಟಿ ಆರಿದವು.

ಭಾನುವಾರದ ಸಿನಿಮಾಗಳು ಹೊಸವು, ಬಣ್ಣದವು, ನಾನು ಬಹಳ ಆಸೆಪಟ್ಟು ತರಿಸಿದವು. ಓಣಿಯವರೆಲ್ಲ ಬಂದರು. ಬೆಂಚಿನ ಎರಡು ತುದಿಗಳು ಮಾತ್ರ ಖಾಲಿ ಇದ್ದವು, ಅವರಿಬ್ಬರು ಮನೆಯಲ್ಲಿ ಮಾತು ಮುಗಿಸುವುದರಲ್ಲಿದ್ದರು. ಸೋಮವಾರ ದೊಡ್ಡವ್ವ ರಾಮದುರ್ಗಕ್ಕೆ ಹೋದದ್ದು ಹೋದಳೇ. ಆದರೆ ಹಬ್ಬಹುಣ್ಣಿಮೆಗೆ ಬರುತ್ತಿದ್ದಳು, ಬಂದಾಗ ಮುಂಬಾಗಿಲಿಂದ ಬರದೆ ನಡುಬಾಗಿಲಿಂದ ನಮ್ಮ ಅಡುಗೆಮನೆಗೇ ಇಳಿಯುತ್ತಿದ್ದಳು. ೨೦೦೬ರಲ್ಲಿ ಅವಳಿಗೆ ಆರಾಮಿಲ್ಲ ಎಂದು ತಿಳಿದಾಗ ಅವ್ವ ಎರಡನೆಯ ಮಾತಿಲ್ಲದೆ ಸವದತ್ತಿಯ ಮೇಲೆ ಹೋಗುವ ಬಸ್ಸು ಹತ್ತಿದಳು. ಈ ಸಲ ಮುಖ ನೋಡಿದಳು, ದೊಡ್ಡವ್ವ ಕಣ್ಣುಮುಚ್ಚುವಾಗ ಕೈಯನ್ನೂ ಹಿಡಿದುಕೊಂಡಿದ್ದಳು.

ಅದಾದ ಮರುವರ್ಷ ಧಾರವಾಡದ ಫಿಲ್ಮ್ ಸೊಸೈಟಿಯ ಗೆಳೆಯ ಸುಭಾಸ ನಮ್ಮ ಮನೆಗೆ ಬಂದಿದ್ದರು. ಅಷ್ಟರಲ್ಲಿ ಪರಪ್ಪನವರ ಟಾಕೀಸು ಬಾಗಿಲು ಹಾಕಿ, ಒಳಗೆ ಹತ್ತಿಯ ಗಂಟುಗಳು ತುಂಬಿದ್ದವು. ಹೆಂಗಸರ ಕಡೆಯ ಆ ಉದ್ದ ಬೆಂಚನ್ನು ನಾನು ಕೇಳಿ ತಂದು ನಡುಬಾಗಿಲ ಪಕ್ಕ ಹಾಕಿಸಿದ್ದೆ. ಸುಭಾಸ ಅದರ ಮೇಲೆ ಕೂತು ಚಹಾ ಕುಡಿಯುತ್ತ, ನಮ್ಮ ಉತ್ಸವದಲ್ಲಿ ಯಾವ ಸಿನಿಮಾ ನೆನಪಿದೆ ಎಂದು ಅವ್ವನನ್ನು ಕೇಳಿದರು.

"ಅಣ್ಣತಮ್ಮರದು," ಎಂದಳು ಅವ್ವ. "ಮೊದಲನೇ ಅರ್ಧ ಅಷ್ಟಕ್ಕಷ್ಟ ಬಿಡ್ರಿ. ಇಂಟ್ರೋಲ್ ಆದಮ್ಯಾಗ ಛಲೋ ಇತ್ತು."

ಸುಭಾಸ ಹುಬ್ಬು ಗಂಟಿಕ್ಕಿದರು. "ಇಲ್ಲಲ್ರಿ ಅವ್ವಾರ, ಆ ಸಿನಿಮಾಕ್ಕ ಇಂಟರ್ವಲ್ಲ ಇಲ್ಲ. ಬಾಗಲಾ ಬಡಿಯಾಕ ಕೈ ಎತ್ತತಾನ, ಅಲ್ಲಿಗೆ ಮುಗೀತೈತಿ."

ಅವ್ವ ನಡುಬಾಗಿಲ ಕಡೆ ಒಮ್ಮೆ ನೋಡಿದಳು. ಆ ಹೊತ್ತೂ ಅದು ತೆರೆದೇ ಇತ್ತು.

"ನೀವು ಗಿರ್ಮಿಟ್ ತಿಂದು ಹಂಗ ಮನಿಗೆ ಹೋಗಿರಬೇಕು," ಎಂದಳು.